ಸಣ್ಣ ರಿವಾಲ್ವರೋ, ಚಪ್ಪಟೆ ಪಿಸ್ತೂಲೋ: ಕೊಳ್ಳುವ ಮುನ್ನ ಅವುಗಳ ಕೊರತೆ ತಿಳಿಯಿರಿ

ಪರವಾನಗಿ ಮಂಜೂರಾದ ಮೇಲೆ ಬಂದೂಕಿನ ಅಂಗಡಿಗೆ ಬರುವವರು ಕೇಳುವ ಮೊದಲ ಮಾತು ಬಹುಮಟ್ಟಿಗೆ ಒಂದೇ: ‘ಇದ್ದುದರಲ್ಲಿ ಸಣ್ಣದು, ಹಗುರವಾದದ್ದು ಯಾವುದು, ಅದನ್ನು ತೋರಿಸಿ.’ ಕಾರಟಗಿಯ ಅಕ್ಕಿ ಗಿರಣಿ ಮಾಲೀಕರಿರಲಿ, ರಾಯಚೂರಿನ ಹತ್ತಿ ವ್ಯಾಪಾರಿಗಳಿರಲಿ, ಬಳ್ಳಾರಿಯ ಚಿನ್ನದಂಗಡಿಯವರಿರಲಿ, ಅಂಗಿಯ ಅಡಿಯಲ್ಲಿ ಯಾರಿಗೂ ಕಾಣದಂತೆ ಕೂರುವ ಪುಟ್ಟ ಆಯುಧವನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರುತ್ತಾರೆ. ಪರವಾನಗಿ ಆಯುಧಗಳ ದುರಸ್ತಿಯಲ್ಲಿ ಬಹಳ ವರ್ಷ ದುಡಿದವನಾಗಿ ನಾನು ಹೇಳುವುದಿಷ್ಟು: ಆಯುಧ ಸಣ್ಣದಾದಷ್ಟೂ ಅದನ್ನು ಹೊರುವುದು ಸುಲಭ, ಅದರಿಂದ ಗುರಿಗೆ ಹೊಡೆಯುವುದು ಕಷ್ಟ, ಅದು ಕೈಕೊಡುವ ಸಂದರ್ಭಗಳೂ ಹೆಚ್ಚು. ಮಾರಾಟದ ಕರಪತ್ರದಲ್ಲಿ ತೂಕ, ಉದ್ದ ಎದ್ದು ಕಾಣುವಂತೆ ಇರುತ್ತವೆ. ಟ್ರಿಗರ್ ಎಳೆಯಲು ಎಷ್ಟು ಬಲ ಬೇಕು, ತುಂಬಿದ ಆಯುಧ ನೆಲಕ್ಕೆ ಬಿದ್ದರೆ ಏನಾಗುತ್ತದೆ, ಗುಂಡು ಖಾಲಿ ಮಾಡುವಾಗ ಸೇಫ್ಟಿ (ತಪ್ಪಿ ಗುಂಡು ಹಾರದಂತೆ ತಡೆಯುವ ಕೀಲಿ) ಎಲ್ಲಿರುತ್ತದೆ ಎಂಬುದನ್ನು ಅಲ್ಲಿ ಯಾರೂ ಬರೆಯುವುದಿಲ್ಲ. ಕೊಳ್ಳುವವರು ಕೇಳಬೇಕಾದ ಪ್ರಶ್ನೆಗಳು ಇವೇ.

ಕಾನೂನು ಬಿಟ್ಟಿರುವ ಆಯ್ಕೆ

ಅಮೆರಿಕದ ವಿಡಿಯೊಗಳಲ್ಲಿ ಕಾಣುವ ಅಂಗೈಯಗಲದ 9 ಎಂಎಂ ಪಿಸ್ತೂಲುಗಳನ್ನು ನೋಡಿ ಆಸೆಪಡುವುದು ವ್ಯರ್ಥ. 9 ಎಂಎಂ, .38, .455 ಇವೆಲ್ಲ ನಮ್ಮಲ್ಲಿ ನಿಷೇಧಿತ ಬೋರ್‌ಗಳು, ಅಂದರೆ ಸಾಮಾನ್ಯ ಪರವಾನಗಿಗೆ ಸಿಗದ ನಳಿಕೆಯ ಅಳತೆಗಳು. ಜಿಲ್ಲಾಧಿಕಾರಿಗಳು ಕೊಡುವ ಸಾಮಾನ್ಯ ಪರವಾನಗಿಗೆ ಸಿಗುವ ಕೈಬಂದೂಕುಗಳೆಂದರೆ ಮುಖ್ಯವಾಗಿ .32 ಬೋರಿನ ರಿವಾಲ್ವರ್, .32 ಬೋರಿನ ಪಿಸ್ತೂಲ್ ಮತ್ತು .22 ಬೋರಿನ ಕೆಲವು ಆಯುಧಗಳು. 1959ರ ಆಯುಧ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿಯ ನಂತರ ಒಬ್ಬರು ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಪರವಾನಗಿಯ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿದೆ. 2016ರ ಆಯುಧ ನಿಯಮಗಳು ಇನ್ನೊಂದು ಮಾತು ಹೇಳುತ್ತವೆ: ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕನ್ನು ಹೋಲ್ಸ್ಟರಿನಲ್ಲೋ ಅಂಥದೇ ಚೀಲದಲ್ಲೋ ಪೂರ್ತಿ ಮುಚ್ಚಿ ಒಯ್ಯಬೇಕು, ಒಯ್ಯುವವರ ಹತೋಟಿಯಲ್ಲೇ ಅದು ಇರಬೇಕು. ಸೊಂಟದ ಮೇಲೆ ಹೊರಗೆ ಕಾಣುವಂತೆ ಕಟ್ಟಿಕೊಂಡು ಮದುವೆ ಮನೆಗೆ ಹೋಗುವುದು ದೌಲತ್ತು ಎಂದುಕೊಂಡವರು ನಿಯಮ ಮುರಿಯುತ್ತಿರುತ್ತಾರೆ. ಅಲ್ಲಿ ಸಂಭ್ರಮಕ್ಕೆಂದು ಗಾಳಿಯಲ್ಲಿ ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಕಳ್ಳದಾರಿಯಲ್ಲಿ ಸಿಗುವ ನಾಡ ಪಿಸ್ತೂಲನ್ನು ನಾನು ಈ ಹೋಲಿಕೆಯೊಳಗೆ ಸೇರಿಸುವುದೇ ಇಲ್ಲ. ಅದನ್ನು ಹೊಂದುವುದು ಅಪರಾಧ. ಜೊತೆಗೆ ಅದರ ನಳಿಕೆ ಯಾವ ಲೋಹದ್ದು, ಎಷ್ಟು ಒತ್ತಡ ತಾಳುತ್ತದೆ ಎಂಬುದು ಮಾಡಿದವನಿಗೂ ಗೊತ್ತಿರುವುದಿಲ್ಲ.

ಹಗುರತನಕ್ಕೆ ತೆರುವ ಬೆಲೆ

ಮೊದಲು ಹಿಂದೊದೆತದ ಲೆಕ್ಕ ನೋಡೋಣ. ಒಂದೇ ಬಗೆಯ ಗುಂಡನ್ನು 700 ಗ್ರಾಂ ತೂಕದ ರಿವಾಲ್ವರಿನಿಂದಲೂ 500 ಗ್ರಾಂ ತೂಕದ ರಿವಾಲ್ವರಿನಿಂದಲೂ ಹಾರಿಸಿದರೆ, ಹಗುರವಾದದ್ದು ಕೈಯನ್ನು 1.4 ಪಟ್ಟು ಶಕ್ತಿಯಿಂದ ಹಿಂದಕ್ಕೆ ತಳ್ಳುತ್ತದೆ. ಇದು ಭೌತವಿಜ್ಞಾನದ ನಿಯಮ. ಯಾವ ಕಾರ್ಖಾನೆಯೂ ಇದನ್ನು ತಪ್ಪಿಸಲಾರದು. ಹಾಗೆಂದು .32 ಬೋರಿನ ವಿಷಯದಲ್ಲಿ ಇದನ್ನು ದೊಡ್ಡದು ಮಾಡಬೇಕಿಲ್ಲ. ಆ ಗುಂಡು ಮೃದುವಾದದ್ದು, 500 ಗ್ರಾಂ ಆಯುಧದಲ್ಲೂ ತಡೆದುಕೊಳ್ಳಬಹುದು. ನಿಜವಾದ ತೊಂದರೆ ಟ್ರಿಗರಿನಲ್ಲಿದೆ.

ಡಬಲ್ ಆ್ಯಕ್ಷನ್ ರಿವಾಲ್ವರಿನಲ್ಲಿ ಬೆರಳಿನ ಒಂದೇ ಎಳೆತ ಮೂರು ಕೆಲಸ ಮಾಡಬೇಕು. ಗುಂಡು ತುಂಬುವ ಮನೆಗಳಿರುವ ಉರುಳೆ, ಅಂದರೆ ಸಿಲಿಂಡರ್, ಒಂದು ಮನೆ ತಿರುಗಬೇಕು, ಹಿಂಬದಿಯ ಸುತ್ತಿಗೆಯಂಥ ಹ್ಯಾಮರ್ ಹಿಂದಕ್ಕೆ ಬಾಗಬೇಕು, ಆಮೇಲೆ ಅದು ಬಿಡುಗಡೆಯಾಗಿ ಗುಂಡಿನ ಬೆನ್ನಿಗೆ ಹೊಡೆಯಬೇಕು. ಇದಕ್ಕೆ ಸಾಮಾನ್ಯವಾಗಿ 4.5ರಿಂದ 6 ಕಿಲೋಗ್ರಾಂ ಬಲ ಬೇಕಾಗುತ್ತದೆ. ಆಯುಧ ಸಣ್ಣದಾದರೆ ಒಳಗಿನ ಸನ್ನೆಗಳೂ ಗಿಡ್ಡವಾಗುತ್ತವೆ. ಬಲ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಅರ್ಧ ಕಿಲೋ ತೂಕದ ವಸ್ತುವನ್ನು ಅಲುಗದಂತೆ ಹಿಡಿದು ಅದರ ಮೇಲೆ ಐದು ಕಿಲೋ ಬಲ ಹಾಕಿ ಎಂದರೆ ಏನಾಗುತ್ತದೆ ಎಂದು ಯೋಚಿಸಿ. ನಳಿಕೆಯ ತುದಿ ಬೆರಳು ಎಳೆದ ಕಡೆಗೆ ವಾಲುತ್ತದೆ. ಬಲಗೈಯವರ ಗುಂಡುಗಳು ಗುರಿಯ ಎಡಕ್ಕೆ, ಕೆಳಕ್ಕೆ ಬೀಳುವುದು ಬಹುತೇಕ ಇದೇ ಕಾರಣಕ್ಕೆ.

ಇದಕ್ಕೆ ಜನ ಹುಡುಕಿಕೊಂಡಿರುವ ಅಡ್ಡದಾರಿ ಎರಡು. ಒಂದು, ಹ್ಯಾಮರನ್ನು ಹೆಬ್ಬೆರಳಿನಿಂದ ಮೊದಲೇ ಎಳೆದು ನಿಲ್ಲಿಸಿಕೊಂಡು ಆಮೇಲೆ ಟ್ರಿಗರ್ ಮುಟ್ಟುವುದು. ಹಾಗೆ ಮಾಡಿದಾಗ ಟ್ರಿಗರ್ ತೀರ ಹಗುರವಾಗುತ್ತದೆ. ಗುರಿ ಕಟ್ಟೆಯಲ್ಲಿ ನಿಂತು ಹಾಳೆಗೆ ಹೊಡೆಯಲು ಅದು ಚೆನ್ನ. ಹೆದರಿಕೆಯಿಂದ ಕೈ ನಡುಗುತ್ತಿರುವಾಗ, ಮನೆಯವರು ಆಚೀಚೆ ಓಡುತ್ತಿರುವಾಗ ಹ್ಯಾಮರ್ ಎತ್ತಿದ ರಿವಾಲ್ವರ್ ಹಿಡಿದಿರುವುದು ಮಹಾ ಅಪಾಯ. ಎರಡನೆಯ ಅಡ್ಡದಾರಿ ಇನ್ನೂ ಕೆಟ್ಟದ್ದು: ‘ಸ್ಪ್ರಿಂಗ್ ಸ್ವಲ್ಪ ಕತ್ತರಿಸಿ ಹಗುರ ಮಾಡಿಕೊಡಣ್ಣ’ ಎಂದು ಕೇಳುವುದು. ಆ ಸ್ಪ್ರಿಂಗಿನ ಬಿಗಿಯೇ ಗುಂಡಿನ ಹಿಂಬದಿಯ ಸಿಡಿಮದ್ದನ್ನು ಹೊತ್ತಿಸುವುದು. ಅದನ್ನು ಕತ್ತರಿಸಿದ ಆಯುಧ ಅಂಗಡಿಯಲ್ಲಿ ಬೆಣ್ಣೆಯಂತೆ ಎಳೆಯುತ್ತದೆ, ಬೇಕಾದ ಹೊತ್ತಿನಲ್ಲಿ ಟಕ್ ಎಂದು ಸುಮ್ಮನಾಗುತ್ತದೆ. ನಾನು ಈ ಕೆಲಸವನ್ನು ಒಪ್ಪಿಕೊಳ್ಳುವುದಿಲ್ಲ, ಯಾರ ಕೈಯಲ್ಲೂ ಮಾಡಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಟ್ರಿಗರಿನ ಬಲವನ್ನು ಅಳೆಯುವುದು ಕಷ್ಟವಲ್ಲ. ಬ್ಯಾಗು ತೂಗುವ ಕೊಕ್ಕೆಯ ಡಿಜಿಟಲ್ ತಕ್ಕಡಿ ಈಗ ಎಲ್ಲ ಕಡೆ ಸಿಗುತ್ತದೆ. ಆಯುಧ ಖಾಲಿ ಇದೆಯೆಂದು ಇಬ್ಬರು ನೋಡಿ ಖಚಿತಪಡಿಸಿಕೊಂಡು, ಅಂಗಡಿಯವರ ಒಪ್ಪಿಗೆ ಪಡೆದು, ಜನರಿಲ್ಲದ ಕಡೆಗೆ ನಳಿಕೆ ತಿರುಗಿಸಿ ಕೊಕ್ಕೆಯನ್ನು ಟ್ರಿಗರಿಗೆ ಸಿಕ್ಕಿಸಿ ಮೆಲ್ಲನೆ ಎಳೆಯಿರಿ. ಒಂದೇ ಮಾದರಿಯ ಎರಡು ಆಯುಧಗಳ ನಡುವೆಯೇ ಎದ್ದು ಕಾಣುವ ವ್ಯತ್ಯಾಸ ಸಿಗಬಹುದು. ಆರು ಮನೆಗಳಲ್ಲೂ ಎಳೆದು ನೋಡಿ; ಒಂದು ಮನೆಯಲ್ಲಿ ಮಾತ್ರ ಬಿಗಿ ಹೆಚ್ಚಿದರೆ ಸಿಲಿಂಡರ್ ಎಲ್ಲೋ ಉಜ್ಜುತ್ತಿದೆ ಎಂದರ್ಥ.

ಮೂರನೆಯದು ಗುರಿ ನೋಡುವ ಸೈಟುಗಳು. ಹಿಂದಿನ ಸೈಟಿನಿಂದ ಮುಂದಿನದಕ್ಕೆ 10 ಸೆಂಟಿಮೀಟರ್ ಅಂತರವಿದ್ದರೆ, ಹೊಂದಿಸುವಾಗ ಆದ ಒಂದು ಮಿಲಿಮೀಟರ್ ತಪ್ಪು 10 ಮೀಟರ್ ದೂರದಲ್ಲಿ 10 ಸೆಂಟಿಮೀಟರ್ ತಪ್ಪಾಗುತ್ತದೆ. ಅಂತರ 15 ಸೆಂಟಿಮೀಟರ್ ಆದರೆ ಅದೇ ತಪ್ಪು 7 ಸೆಂಟಿಮೀಟರಿನೊಳಗೆ ನಿಲ್ಲುತ್ತದೆ. ಸಣ್ಣ ಆಯುಧಗಳಲ್ಲಿ ಅಂತರವೂ ಕಡಿಮೆ, ಬಟ್ಟೆಗೆ ಸಿಕ್ಕಿಕೊಳ್ಳಬಾರದೆಂದು ಸೈಟನ್ನು ಸವೆಸಿ ಗುಬುಟಾಗಿಸಿರುತ್ತಾರೆ. ನಲವತ್ತು ದಾಟಿ ಚಾಳೀಸು ಬಂದ ಕಣ್ಣಿಗೆ ಅದು ಕಾಣುವುದೇ ಇಲ್ಲ. ಮುಂದಿನ ಸೈಟಿನ ಹಿಂಬದಿಗೆ ಬಿಳಿ ಬಣ್ಣದ ಒಂದು ಚುಕ್ಕೆ ಇಡಿಸಿದರೆ ಬಹಳ ಅನುಕೂಲ.

ರಿವಾಲ್ವರುಗಳು: ಮಡಚುವುದು ಮತ್ತು ಪಕ್ಕಕ್ಕೆ ತೆರೆಯುವುದು

ನಮ್ಮ ಭಾಗದಲ್ಲಿ ಹೆಚ್ಚು ಕಾಣುವುದು ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್. 2021ರ ಅಕ್ಟೋಬರಿನಲ್ಲಿ, ಸರ್ಕಾರಿ ಆಯುಧ ಕಾರ್ಖಾನೆಗಳನ್ನು ನಡೆಸುತ್ತಿದ್ದ ಆರ್ಡ್‌ನೆನ್ಸ್ ಮಂಡಳಿಯನ್ನು ವಿಸರ್ಜಿಸಿ ಏಳು ಕಂಪನಿಗಳಾಗಿ ಮಾಡಿದರು. ಸಣ್ಣ ಆಯುಧಗಳ ಹೊಣೆ ಕಾನ್ಪುರದ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಇಕ್ವಿಪ್‌ಮೆಂಟ್ ಇಂಡಿಯಾ ಲಿಮಿಟೆಡ್‌ಗೆ ಬಂತು. ಜನರ ಬಾಯಲ್ಲಿ ಇಂದಿಗೂ ಅದು ‘ಆರ್ಡ್‌ನೆನ್ಸ್ ರಿವಾಲ್ವರ್’. ಇದರ ಹಳೆಯ ವಿನ್ಯಾಸ ಬ್ರಿಟಿಷರ ವೆಬ್ಲಿ ಮಾದರಿಯದು. ಮೇಲಿನ ಕೊಂಡಿ ಒತ್ತಿದರೆ ನಳಿಕೆ ಮುಂದಕ್ಕೆ ಮಡಚಿಕೊಳ್ಳುತ್ತದೆ, ಸಿಲಿಂಡರಿನ ನಡುವಿನ ನಕ್ಷತ್ರದಂಥ ಬಿಲ್ಲೆ ಎದ್ದು ಆರೂ ಗುಂಡುಗಳನ್ನು ಒಮ್ಮೆಗೇ ಮೇಲೆತ್ತುತ್ತದೆ. ವೆಬ್ಲಿ ಅಂಡ್ ಸ್ಕಾಟ್ ಹೆಸರಿನಲ್ಲಿ ಉತ್ತರ ಪ್ರದೇಶದ ಹರ್ದೋಯಿ ಜಿಲ್ಲೆಯಲ್ಲಿ ತಯಾರಾಗುತ್ತಿರುವ .32 ರಿವಾಲ್ವರ್ ಕೂಡ ಇದೇ ಬಗೆಯದು.

ಮಡಚುವ ವಿನ್ಯಾಸದ ಗುಣವೆಂದರೆ ಖಾಲಿ ಮಾಡುವುದು ಬೇಗ, ಒಳಗೆ ಗುಂಡಿದೆಯೋ ಇಲ್ಲವೋ ಒಂದೇ ನೋಟಕ್ಕೆ ತಿಳಿಯುತ್ತದೆ. ಮನೆಯಲ್ಲಿ ಮಕ್ಕಳಿರುವವರಿಗೆ ಇದು ಸಣ್ಣ ಗುಣವಲ್ಲ. ದೋಷವೆಂದರೆ ಇಡೀ ಆಯುಧದ ಬಿಗಿ ಒಂದು ಕೊಂಡಿ ಮತ್ತು ಒಂದು ಕೀಲಿನ ಮೇಲೆ ನಿಂತಿರುತ್ತದೆ. ಸಿನಿಮಾದಲ್ಲಿ ನೋಡಿ ಫಟ್ಟೆಂದು ಒಂದೇ ಕೈಯಲ್ಲಿ ಮುಚ್ಚುವ ಚಟದವರ ರಿವಾಲ್ವರುಗಳಲ್ಲಿ ಈ ಕೀಲು ಸಡಿಲವಾಗಿ ನಳಿಕೆ ಮೇಲೆ ಕೆಳಗೆ ಆಡುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಸಡಿಲವಾದರೆ ಸಿಲಿಂಡರಿನ ಮನೆಗೂ ನಳಿಕೆಗೂ ನೇರ ತಪ್ಪುತ್ತದೆ, ಗುಂಡಿನ ಸೀಸ ಅಂಚಿಗೆ ಕೆತ್ತಿ ಪಕ್ಕಕ್ಕೆ ಸಿಡಿಯುತ್ತದೆ. ಕೊಳ್ಳುವಾಗ ಮುಚ್ಚಿದ ರಿವಾಲ್ವರಿನ ನಳಿಕೆ ಹಿಡಿದು ಅಲುಗಿಸಿ ನೋಡಿ, ಕೂದಲೆಳೆಯಷ್ಟೂ ಆಡಬಾರದು. ಸಿಲಿಂಡರಿಗೂ ನಳಿಕೆಗೂ ನಡುವಿನ ಸಂದನ್ನು ಫೀಲರ್ ಗೇಜಿನಿಂದ ಅಳೆಯಬಹುದು, ಮೋಟರ್ ಮೆಕ್ಯಾನಿಕ್‌ಗಳ ಬಳಿ ಇರುವ ಅದೇ ಗೇಜು. 0.15 ಮಿಲಿಮೀಟರ್ ಆಸುಪಾಸು ಒಳ್ಳೆಯದು, 0.25 ದಾಟಿದ್ದನ್ನು ನಾನು ಕೊಳ್ಳುವುದಿಲ್ಲ. ಆರು ಮನೆಗಳಿಗೂ ಅಳತೆ ಒಂದೇ ಬರಬೇಕು.

2014ರ ಜನವರಿಯಲ್ಲಿ ಕಾನ್ಪುರದಿಂದ ಬಂದ ‘ನಿರ್ಭೀಕ್’ ಬಗ್ಗೆ ಹೆಣ್ಣುಮಕ್ಕಳ ತಂದೆಯರು ಬಹಳ ವಿಚಾರಿಸುತ್ತಾರೆ. ದೆಹಲಿಯ ಘೋರ ಅತ್ಯಾಚಾರದ ನಂತರ, ಮಹಿಳೆಯರಿಗೆಂದೇ ಹೇಳಿ ತಂದ ರಿವಾಲ್ವರ್ ಅದು. ಟೈಟಾನಿಯಂ ಮಿಶ್ರಲೋಹದ ಮೈ, ಸುಮಾರು 500 ಗ್ರಾಂ ತೂಕ, ಆಗಿನ ಬೆಲೆ 1.22 ಲಕ್ಷ ರೂಪಾಯಿ. ಟೈಟಾನಿಯಂ ತುಕ್ಕು ಹಿಡಿಯುವುದಿಲ್ಲ. ನಮ್ಮ ಬೇಸಿಗೆಯ ಬೆವರಿಗೆ ಅದು ನಿಜವಾದ ಅನುಕೂಲ. ಆದರೆ ‘ಹಗುರ, ಆದ್ದರಿಂದ ಮಹಿಳೆಯರಿಗೆ’ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಬೆರಳಿನ ಬಲ ಕಡಿಮೆ ಇರುವವರಿಗೆ ಬೇಕಾದದ್ದು ಹಗುರವಾದ ಟ್ರಿಗರ್. ಆಯುಧದ ಮೈ ಹಗುರವಾಗಿ ಟ್ರಿಗರ್ ಬಿಗಿಯಾಗಿಯೇ ಉಳಿದರೆ ಅವರ ಗುರಿ ಇನ್ನಷ್ಟು ಕೆಡುತ್ತದೆ. ಕೈಚೀಲದಲ್ಲಿ ಇಟ್ಟುಕೊಳ್ಳುವ ಸಲಹೆಯೂ ಸರಿಯಲ್ಲ. ಬಸ್ಸಿನಲ್ಲಿ, ಸಂತೆಯಲ್ಲಿ ಮೊದಲು ಕೈತಪ್ಪುವುದು ಕೈಚೀಲವೇ. ಆಗ ತುಂಬಿದ ರಿವಾಲ್ವರ್ ಕಳ್ಳನ ಪಾಲು.

2023ರ ಆಗಸ್ಟಿನಲ್ಲಿ ಬಂದ ‘ಪ್ರಬಲ್’ ವಿನ್ಯಾಸದಲ್ಲಿ ಬೇರೆ. ಇದರಲ್ಲಿ ನಳಿಕೆ ಮಡಚುವುದಿಲ್ಲ, ಸಿಲಿಂಡರ್ ಪಕ್ಕಕ್ಕೆ ಹೊರಳುತ್ತದೆ. ನಳಿಕೆ 76 ಮಿಲಿಮೀಟರ್, ಗುಂಡಿಲ್ಲದ ತೂಕ 675 ಗ್ರಾಂ. ನಳಿಕೆ ಮತ್ತು ಮೈ ಒಂದೇ ಗಟ್ಟಿ ಚೌಕಟ್ಟಾಗಿ ನಿಲ್ಲುವುದರಿಂದ ಮಡಚುವ ಕೀಲಿನ ತಾಪತ್ರಯ ಇಲ್ಲಿಲ್ಲ. ಅದರ ಬದಲು ಸಿಲಿಂಡರನ್ನು ಹಿಡಿದಿರುವ ತೋಳಿನ ಮೇಲೆ ಕಣ್ಣಿಡಬೇಕು. ಮಣಿಕಟ್ಟು ಕೊಡವಿ ಸಿಲಿಂಡರ್ ಮುಚ್ಚಿದರೆ ಆ ತೋಳು ಬಾಗುತ್ತದೆ. ಎರಡೂ ಕೈ ಬಳಸಿ ಮೆಲ್ಲನೆ ಮುಚ್ಚಬೇಕು. 50 ಮೀಟರ್ ದೂರದವರೆಗೆ ಪರಿಣಾಮಕಾರಿ ಎಂದು ತಯಾರಕರು ಹೇಳುತ್ತಾರೆ. ಈ ಅಂಕಿಯನ್ನು ನಂಬಿ ಯಾರೂ ಕೊಳ್ಳಬೇಡಿ. 50 ಮೀಟರ್ ದೂರ ಇರುವವನಿಂದ ತಪ್ಪಿಸಿಕೊಂಡು ಹೋಗಬಹುದು, ಹೋಗಲೇಬೇಕು. ಅಷ್ಟು ದೂರಕ್ಕೆ ಹೊಡೆದು ಆತ್ಮರಕ್ಷಣೆ ಎಂದು ನ್ಯಾಯಾಲಯದಲ್ಲಿ ಹೇಳುವುದು ಬಹಳ ಕಷ್ಟ. ಹೊಸ ಆಯುಧ ಕೊಳ್ಳುವವರಿಗೆ ನನ್ನ ಒಲವು ಈ ಪಕ್ಕಕ್ಕೆ ತೆರೆಯುವ ವಿನ್ಯಾಸದ ಕಡೆಗೇ ಇದೆ, ಕಾರಣ ಆ ಗಟ್ಟಿ ಚೌಕಟ್ಟು.

ಎರಡು ಬಗೆಯಲ್ಲೂ ನೋಡಲೇಬೇಕಾದ ಒಂದು ಅಂಶವಿದೆ. ಹ್ಯಾಮರಿನ ಮೇಲೆ ಪೆಟ್ಟು ಬಿದ್ದರೆ ಅದು ಗುಂಡನ್ನು ತಲುಪದಂತೆ ತಡೆಯುವ ಲೋಹದ ತುಂಡು ಒಳಗೆ ಇದೆಯೇ ಎಂದು ಕೇಳಿ, ತೋರಿಸಿ ಎನ್ನಿ. ಹಳೆಯ ಆಯುಧಗಳಲ್ಲಿ ಅದು ಸವೆದೋ ಮುರಿದೋ ಇರಬಹುದು, ಹುಟ್ಟಿನಿಂದಲೇ ಇಲ್ಲದಿರಬಹುದು. ಅನುಮಾನವಿದ್ದರೆ ಹ್ಯಾಮರಿನ ಕೆಳಗಿನ ಮನೆಯನ್ನು ಖಾಲಿ ಬಿಟ್ಟು ಐದೇ ಗುಂಡು ತುಂಬಿ. ಆರನೆಯ ಗುಂಡಿನ ಆಸೆಗೆ ಸ್ವಂತ ತೊಡೆಯನ್ನು ಪಣಕ್ಕಿಡಬಾರದು.

.22 ರಿವಾಲ್ವರುಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ‘ನಿಡರ್’ ಎಂಬ ಹೆಸರಿನ ಪುಟ್ಟ ರಿವಾಲ್ವರ್ ಅಗ್ಗ, ಬಹಳ ಹಗುರ. .22 ಗುಂಡಿನಲ್ಲಿ ಸಿಡಿಮದ್ದು ತಳದ ಅಂಚಿನೊಳಗೆ ಸುತ್ತ ಹರಡಿರುತ್ತದೆ. ಹರಡುವಿಕೆ ಒಂದು ಕಡೆ ತೆಳುವಾಗಿದ್ದು ಹೊಡೆತ ಅಲ್ಲೇ ಬಿದ್ದರೆ ಹೊತ್ತುವುದಿಲ್ಲ. ಹುಸಿಗುಂಡುಗಳು .32ಕ್ಕಿಂತ ಇದರಲ್ಲಿ ಹೆಚ್ಚು. ಅಭ್ಯಾಸಕ್ಕೆ ಇರಲಿ, ಜೀವ ಕಾಯಲು ಬೇಡ.

ಪಿಸ್ತೂಲುಗಳು: ಚಪ್ಪಟೆಯಾದರೂ ನಾಜೂಕು

ಪಿಸ್ತೂಲಿನ ಆಕರ್ಷಣೆ ಅದರ ಚಪ್ಪಟೆ ಮೈ. ರಿವಾಲ್ವರಿನ ಸಿಲಿಂಡರ್ ಅಂಗಿಯ ಮೇಲೆ ಉಬ್ಬಿ ಕಾಣುತ್ತದೆ, ಪಿಸ್ತೂಲು ಕಾಣುವುದಿಲ್ಲ. ಸರ್ಕಾರಿ ಕಾರ್ಖಾನೆಯ ‘ಅಶನಿ’ ಮತ್ತು 1980ರ ದಶಕದಲ್ಲಿ ಆಮದು ನಿಲ್ಲುವ ಮೊದಲು ಬಂದ ವಾಲ್ಥರ್ ಪಿಪಿಕೆಯಂಥ ಹಳೆಯ ವಿದೇಶಿ ಪಿಸ್ತೂಲುಗಳು .32 ಎಸಿಪಿ ಎಂಬ ಗುಂಡನ್ನು ಹಾರಿಸುತ್ತವೆ. ರಿವಾಲ್ವರಿನ .32 ಎಸ್ ಅಂಡ್ ಡಬ್ಲ್ಯು ಲಾಂಗ್ ಗುಂಡೇ ಬೇರೆ, ಇದೇ ಬೇರೆ. ಎರಡಕ್ಕೂ ‘ಮೂವತ್ತೆರಡು’ ಎನ್ನುತ್ತಾರೆಂದು ಒಂದರ ಗುಂಡನ್ನು ಇನ್ನೊಂದಕ್ಕೆ ತುಂಬಬಾರದು. ಪೆಟ್ಟಿಗೆಯ ಮೇಲಿನ ಪೂರ್ತಿ ಹೆಸರು ಓದಿ ಕೊಳ್ಳಿ.

.32 ಎಸಿಪಿ 1899ರಷ್ಟು ಹಳೆಯದು. ಅದರ ತಳದ ಅಂಚು ಮೈಗಿಂತ ತುಸು ಅಗಲ. ಗುಂಡುಗಳನ್ನು ಒಂದರ ಮೇಲೊಂದು ಇಡುವ ಪೆಟ್ಟಿಗೆಯಾದ ಮ್ಯಾಗಝೀನಿನಲ್ಲಿ ಮೇಲಿನ ಗುಂಡಿನ ಅಂಚು ಕೆಳಗಿನದರ ಅಂಚಿನ ಹಿಂದಕ್ಕೆ ಜಾರಿದರೆ ಎರಡೂ ಒಂದಕ್ಕೊಂದು ಕೊಂಡಿಯಂತೆ ಸಿಕ್ಕಿಕೊಳ್ಳುತ್ತವೆ. ಆಮೇಲೆ ಪಿಸ್ತೂಲಿನ ಮೇಲ್ಭಾಗದಲ್ಲಿ ಹಿಂದೆ ಮುಂದೆ ಜಾರುವ ಸ್ಲೈಡ್ ಎಷ್ಟು ಎಳೆದರೂ ಗುಂಡು ಮೇಲೆ ಬರುವುದಿಲ್ಲ. ಮ್ಯಾಗಝೀನು ಕಳಚಿ, ಬಿಡಿಸಿ ಸರಿಪಡಿಸಬೇಕು. ಉದ್ದ ಕಡಿಮೆ ಇರುವ, ಮೂತಿ ಟೊಳ್ಳಾದ ಗುಂಡುಗಳಲ್ಲಿ ಇದು ಹೆಚ್ಚು. ತುಂಬುವಾಗ ಪ್ರತಿ ಗುಂಡಿನ ಅಂಚೂ ಕೆಳಗಿನದಕ್ಕಿಂತ ಮುಂದಿದೆಯೇ ಎಂದು ನೋಡುವುದೊಂದೇ ಮದ್ದು.

ಪಿಸ್ತೂಲನ್ನು ಚಿಕ್ಕದು ಮಾಡಿದಾಗ ಸ್ಲೈಡ್ ಹಗುರವಾಗುತ್ತದೆ, ಹಿಂದೆ ಹೋಗಿ ಬರಲು ಅದಕ್ಕೆ ಸಿಗುವ ದಾರಿಯೂ ಮೊಟಕಾಗುತ್ತದೆ. ಅದನ್ನು ತಡೆದು ನಿಲ್ಲಿಸಲು ಬಿಗಿಯಾದ ಸ್ಪ್ರಿಂಗ್ ಹಾಕುತ್ತಾರೆ. ಬಿಗಿ ಸ್ಪ್ರಿಂಗನ್ನು ಎಳೆಯಲು ವಯಸ್ಸಾದವರ ಬೆರಳುಗಳಿಗೆ ಆಗುವುದಿಲ್ಲ. ಮೊದಲ ಗುಂಡು ತುಂಬುವುದಕ್ಕೇ ಅವರು ಒದ್ದಾಡುತ್ತಾರೆ. ಗಿಡ್ಡ ಸ್ಪ್ರಿಂಗ್ ಬೇಗ ಸೋಲುತ್ತದೆ. ಸ್ಲೈಡ್ ವೇಗವಾಗಿ ಓಡುವುದರಿಂದ ಮ್ಯಾಗಝೀನಿನ ಸ್ಪ್ರಿಂಗ್ ಮುಂದಿನ ಗುಂಡನ್ನು ಹೊತ್ತಿಗೆ ಸರಿಯಾಗಿ ಮೇಲೆತ್ತದೆ ಹೋಗಬಹುದು. ಹಿಡಿತ ಸಡಿಲವಾದರೆ ಇಡೀ ಪಿಸ್ತೂಲೇ ಹಿಂದೆ ಸರಿದು ಸ್ಲೈಡಿನ ಓಟ ಅರ್ಧಕ್ಕೆ ನಿಲ್ಲುತ್ತದೆ. ಹಿಡಿ ಗಿಡ್ಡವಾಗಿ ಕಿರುಬೆರಳು ಗಾಳಿಯಲ್ಲಿ ನೇತಾಡುವ ಪಿಸ್ತೂಲಿನಲ್ಲಿ ಹಿಡಿತ ಸಡಿಲವಾಗದೆ ಇನ್ನೇನಾದೀತು? ರಿವಾಲ್ವರಿನಲ್ಲಿ ಒಂದು ಗುಂಡು ಹುಸಿಯಾದರೆ ಮತ್ತೆ ಟ್ರಿಗರ್ ಎಳೆದರೆ ಸಾಕು, ಮುಂದಿನ ಮನೆ ಬರುತ್ತದೆ. ಪಿಸ್ತೂಲಿನಲ್ಲಿ ಸಿಕ್ಕಿಬಿದ್ದರೆ ಎರಡೂ ಕೈ ಬೇಕು, ಅಭ್ಯಾಸ ಬೇಕು, ಸಮಯ ಬೇಕು.

ಹಳೆಯ ಪಿಪಿಕೆ ಬಗ್ಗೆ ನಮ್ಮವರಿಗೆ ಇರುವ ಮೋಹ ದೊಡ್ಡದು. 1931ರ ಆ ವಿನ್ಯಾಸ ತನ್ನ ಕಾಲಕ್ಕೆ ಅಪೂರ್ವವಾದದ್ದು, ಕೆಲಸಗಾರಿಕೆಯೂ ಸೊಗಸು. ಆದರೂ ತಿರುಳಿರುವ ದಪ್ಪ ಕೈಗಳಿಗೆ ಅದರ ಸ್ಲೈಡ್ ಹಿಂದೆ ಬರುವಾಗ ಹೆಬ್ಬೆರಳ ಬುಡವನ್ನು ಕೊಯ್ಯುತ್ತದೆ. ಮೊದಲ ಎಳೆತ ಬಹಳ ಬಿಗಿ, ಎರಡನೆಯದು ಬಹಳ ಹಗುರ. ಈ ವ್ಯತ್ಯಾಸವೇ ಮೊದಲ ಗುಂಡನ್ನು ಹಾಳು ಮಾಡುತ್ತದೆ. ನಮ್ಮ ದೇಶದಲ್ಲಿರುವವು ಹಳೆಯವು. ಸ್ಪ್ರಿಂಗ್, ಮ್ಯಾಗಝೀನು, ಗುಂಡಿನ ಬೆನ್ನಿಗೆ ಹೊಡೆಯುವ ಫೈರಿಂಗ್ ಪಿನ್ ಮುರಿದರೆ ಅಸಲಿ ಬಿಡಿಭಾಗಕ್ಕೆ ಅಲೆಯಬೇಕು. ಹೆಸರಿಗಾಗಿ ಹಲವು ಪಟ್ಟು ಹಣ ತೆತ್ತು ಕೊನೆಗೆ ಲೇತ್ ಅಂಗಡಿಯಲ್ಲಿ ಮಾಡಿಸಿದ ಪಿನ್ನಿಗೆ ಜೀವ ಒಪ್ಪಿಸುವುದು ಸಲ್ಲದು.

ಹೊರದೇಶದ ಪ್ರಕರಣಗಳಿಂದ ತಿಳಿಯುವುದು

ಚಿಕ್ಕ ಆಯುಧಗಳ ದೊಡ್ಡ ಮಾರುಕಟ್ಟೆ ಅಮೆರಿಕದ್ದು. ತಪ್ಪುಗಳ ದಾಖಲೆಯೂ ಅಲ್ಲಿ ಬಹಿರಂಗವಾಗಿದೆ. 2008ರಲ್ಲಿ ರೂಗರ್ ಕಂಪನಿ ಎಲ್‌ಸಿಪಿ ಎಂಬ ಜೇಬು ಪಿಸ್ತೂಲನ್ನು ಹಿಂದಕ್ಕೆ ಕರೆಸಿತು: ಗುಂಡು ತುಂಬಿದ ಪಿಸ್ತೂಲು ನೆಲಕ್ಕೆ ಬಿದ್ದರೆ ತಾನಾಗಿ ಹಾರುವ ಸಾಧ್ಯತೆ ಕಂಡುಬಂದಿತ್ತು. 2009ರಲ್ಲಿ ಸ್ಮಿತ್ ಅಂಡ್ ವೆಸನ್ ತಾನು ಅಮೆರಿಕದಲ್ಲಿ ತಯಾರಿಸಿದ ವಾಲ್ಥರ್ ಪಿಪಿಕೆಗಳನ್ನು ವಾಪಸು ಕರೆಯಿತು. ಹ್ಯಾಮರನ್ನು ಇಳಿಸುವಾಗ ಟ್ರಿಗರ್ ಮುಟ್ಟದೆಯೂ ಗುಂಡು ಹಾರಬಹುದಿತ್ತು. 2013ರಲ್ಲಿ ಸ್ಪ್ರಿಂಗ್‌ಫೀಲ್ಡ್‌ನ ಎಕ್ಸ್‌ಡಿ-ಎಸ್ ಸರದಿ. ಗುಂಡು ತುಂಬಿ ಸ್ಲೈಡ್ ಮುಚ್ಚುವಾಗಲೇ ಹಾರುವ ಅಪಾಯವಿತ್ತು. 2015ರಲ್ಲಿ ಬ್ರೆಜಿಲ್‌ನ ಟಾರಸ್ ಕಂಪನಿ ಬಿದ್ದಾಗ ಹಾರುವ ಆರೋಪದ ಮೊಕದ್ದಮೆಯಲ್ಲಿ ಹತ್ತಿರ ಹತ್ತಿರ ಹತ್ತು ಲಕ್ಷ ಪಿಸ್ತೂಲುಗಳಿಗೆ ಸಂಬಂಧಿಸಿ ರಾಜಿಯಾಯಿತು. ಇವು ಹೆಸರಾಂತ ಕಂಪನಿಗಳು, ನುರಿತ ಎಂಜಿನಿಯರುಗಳಿರುವ ಕಾರ್ಖಾನೆಗಳು. ಸೇಫ್ಟಿಯ ಭಾಗಗಳನ್ನು ಇಕ್ಕಟ್ಟಿನ ಜಾಗದಲ್ಲಿ ಕೂರಿಸುವುದು ಅಂಥವರಿಗೂ ಸುಲಭವಾಗಿಲ್ಲ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಬ್ರೈಕೊ ಎಂಬ ಅಗ್ಗದ ಪಿಸ್ತೂಲಿನ ಪ್ರಕರಣ. ಅದರಲ್ಲಿ ಒಳಗಿನ ಗುಂಡನ್ನು ಹೊರತೆಗೆಯಬೇಕಾದರೆ ಸೇಫ್ಟಿಯನ್ನು ಮೊದಲು ಸಡಿಲಿಸಲೇಬೇಕಿತ್ತು. 1994ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮನೆಯೊಂದರಲ್ಲಿ ಪಿಸ್ತೂಲನ್ನು ಖಾಲಿ ಮಾಡಲು ಹೋದಾಗ ಗುಂಡು ಹಾರಿ 7 ವರ್ಷದ ಬಾಲಕನೊಬ್ಬನಿಗೆ ತಗುಲಿತು. ಅವನ ಕೈಕಾಲು ಸ್ವಾಧೀನ ತಪ್ಪಿದವು. 2003ರಲ್ಲಿ ತೀರ್ಪು ಕಂಪನಿಯ ವಿರುದ್ಧ ಬಂತು, ವಿನ್ಯಾಸದ ದೋಷವನ್ನು ಜ್ಯೂರಿ ಎತ್ತಿಹಿಡಿಯಿತು, ಕಂಪನಿ ದಿವಾಳಿಯಾಯಿತು. ಯಾವ ಪಿಸ್ತೂಲು ಕೊಳ್ಳಲು ಹೋದರೂ ಈ ಒಂದು ಪ್ರಶ್ನೆ ಮರೆಯಬೇಡಿ: ಸೇಫ್ಟಿ ಹಾಕಿರುವಾಗಲೇ ಸ್ಲೈಡ್ ಎಳೆದು ಗುಂಡು ತೆಗೆಯಬಹುದೇ? ಆಗುವುದಿಲ್ಲ ಎಂದಾದರೆ ಮಕ್ಕಳಿರುವ ಮನೆಗೆ ಅದು ಬೇಡವೇ ಬೇಡ. ಪಿಸ್ತೂಲು ಯಾವುದೇ ಆಗಿರಲಿ, ನಳಿಕೆಯ ಮನೆ ಖಾಲಿಯಿಟ್ಟು ಗುಂಡುಗಳನ್ನು ಮ್ಯಾಗಝೀನಿನಲ್ಲಷ್ಟೇ ಇಟ್ಟು ಒಯ್ಯಿರಿ.

ನಮ್ಮ ಬಿಸಿಲು, ಧೂಳು, ಉಡುಪು

ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಹವೆಗೆ ಹೊಂದದ ಆಯುಧ ಎಷ್ಟು ಒಳ್ಳೆಯ ಹೆಸರಿನದ್ದಾದರೂ ಪ್ರಯೋಜನವಿಲ್ಲ. ರಾಯಚೂರಿನಲ್ಲಿ ಮೇ ತಿಂಗಳಲ್ಲಿ ಉಷ್ಣಾಂಶ 42 ಡಿಗ್ರಿ ದಾಟುತ್ತದೆ. ಸೊಂಟಕ್ಕೆ ಅಂಟಿಕೊಂಡ ಕಪ್ಪು ಉಕ್ಕಿನ ಮೇಲೆ ಉಪ್ಪು ಬೆವರು ಒಂದೇ ದಿನದಲ್ಲಿ ತುಕ್ಕಿನ ಚುಕ್ಕೆ ಎಬ್ಬಿಸಬಲ್ಲದು. ಚರ್ಮದ ಹೋಲ್ಸ್ಟರ್ ಬೆವರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಹದ ಮಾಡಲು ಬಳಸಿದ ಲವಣಗಳೂ ಅದರಲ್ಲಿರುತ್ತವೆ. ಹಗಲು ಅದರಲ್ಲಿ ಒಯ್ಯಿರಿ, ರಾತ್ರಿ ಹೊರತೆಗೆದು ಒರೆಸಿ ಬೀಗ ಹಾಕಿಡಿ. ಚುನಾವಣೆ ಘೋಷಣೆಯಾದಾಗ ಠಾಣೆಯಲ್ಲಿ ಠೇವಣಿ ಇಡಲು ಸೂಚನೆ ಬರುತ್ತದೆ. ವಾರಗಟ್ಟಲೆ ಅಲ್ಲೇ ಇರುವ ಆಯುಧವನ್ನು ಹೋಲ್ಸ್ಟರಿನಿಂದ ತೆಗೆದು, ತೆಳುವಾಗಿ ಎಣ್ಣೆ ಹಚ್ಚಿ, ಒಣಬಟ್ಟೆಯಲ್ಲಿ ಸುತ್ತಿ ಕೊಡಿ. ಮರಳಿ ಪಡೆಯುವಾಗ ನಳಿಕೆಯೊಳಗೆ ನೋಡಿ.

ಸಂಡೂರು, ತೋರಣಗಲ್ಲು ಕಡೆಯ ಅದಿರಿನ ಕೆಂಧೂಳು, ಗಂಗಾವತಿ, ಸಿಂಧನೂರಿನ ಗಿರಣಿಗಳ ತೌಡಿನ ಹುಡಿ, ಎರೆಮಣ್ಣಿನ ಬೇಸಿಗೆಯ ಧೂಳು ಇವು ಪಿಸ್ತೂಲಿನ ಸ್ಲೈಡಿಗೆ ಶತ್ರುಗಳು. ಎಣ್ಣೆ ಜಾಸ್ತಿ ಹಾಕಿದರೆ ಧೂಳು ಅದಕ್ಕೆ ಅಂಟಿ ಅರೆಯುವ ಹಿಟ್ಟಾಗುತ್ತದೆ. ಎಣ್ಣೆ ಗುಂಡಿನ ಸಿಡಿಮದ್ದಿಗೆ ಇಳಿದರೆ ಗುಂಡೇ ಸತ್ತುಹೋಗುತ್ತದೆ. ಈ ಕಾರಣಕ್ಕೇ ಗಣಿ, ಗಿರಣಿ, ಹೊಲಗಳಲ್ಲಿ ಓಡಾಡುವವರಿಗೆ ನಾನು ಪಿಸ್ತೂಲು ಸೂಚಿಸುವುದಿಲ್ಲ. ರಿವಾಲ್ವರಿಗೂ ಧೂಳು ತಾಗುತ್ತದೆ, ಆದರೆ ಅದನ್ನು ತಿರುಗಿಸುವುದು ಬೆರಳಿನ ಬಲ. ಸ್ವಲ್ಪ ಕೊಳೆಯಿದ್ದರೂ ಎಳೆದುಕೊಂಡು ಹೋಗುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿ ಗುಂಡು, ಆಯುಧ ಎರಡನ್ನೂ ಬಿಡಬೇಡಿ. ಮದ್ದಿನ ಆಯುಸ್ಸು ಕುಗ್ಗುತ್ತದೆ, ಕಳವಿಗೂ ಅದು ಆಹ್ವಾನ.

ಉಡುಪಿನ ವಿಚಾರವನ್ನು ಯಾವ ಕರಪತ್ರವೂ ಎತ್ತುವುದಿಲ್ಲ. ಪಂಚೆ ಉಡುವವರಿಗೆ ಬೆಲ್ಟ್ ಇಲ್ಲ, ಜುಬ್ಬಾದ ಪಕ್ಕದ ಜೇಬು ಜೋತುಬೀಳುತ್ತದೆ. ಜೇಬಿಗೆ ಬರಿದಾಗಿ ರಿವಾಲ್ವರ್ ಇಳಿಸಿಕೊಂಡರೆ ಬೀಗದ ಕೈ, ಪೆನ್ನು ಟ್ರಿಗರಿನ ಸಂದಿಗೆ ಹೋಗಬಹುದು. ಗದ್ದುಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಾಗ ಜಾರಿ ಬೀಳಬಹುದು. ಪಂಚೆಯ ಒಳಗೆ ಗಟ್ಟಿಯಾದ ಅಗಲ ಸೊಂಟಪಟ್ಟಿ, ಅದಕ್ಕೆ ಹೊಲಿದ, ಟ್ರಿಗರನ್ನು ಪೂರ್ತಿ ಮುಚ್ಚುವ ಗಡುಸಾದ ಹೋಲ್ಸ್ಟರ್ ಇರಲಿ. ಇಂಥ ಪಟ್ಟಿ ಇದ್ದರೆ 675 ಗ್ರಾಂ ಮತ್ತು 500 ಗ್ರಾಂ ನಡುವಿನ ವ್ಯತ್ಯಾಸ ಸೊಂಟಕ್ಕೆ ತಿಳಿಯುವುದೇ ಇಲ್ಲ. ಹಗುರತನಕ್ಕೆ ಕೊಡುವ ಹೆಚ್ಚುವರಿ ಹಣದಲ್ಲಿ ಸಣ್ಣ ಪಾಲನ್ನು ಹೋಲ್ಸ್ಟರಿಗೆ ಹಾಕಿದರೆ ಲಾಭ ಹೆಚ್ಚು.

ಯಾರಿಗೆ ಯಾವುದು

ಹೊಸದಾಗಿ ಪರವಾನಗಿ ಪಡೆದವರು, ವರ್ಷಕ್ಕೆ ಬೆರಳೆಣಿಕೆಯಷ್ಟು ಬಾರಿಯಷ್ಟೇ ಅಭ್ಯಾಸ ಮಾಡಲು ಸಾಧ್ಯವಿರುವವರು, ಧೂಳಿನಲ್ಲಿ ದುಡಿಯುವವರು 650ರಿಂದ 750 ಗ್ರಾಂ ತೂಕದ .32 ರಿವಾಲ್ವರ್ ಕೊಳ್ಳಲಿ. ಅದರಲ್ಲೂ ಗಟ್ಟಿ ಚೌಕಟ್ಟಿನದು ನನ್ನ ಮೊದಲ ಆಯ್ಕೆ, ಕೀಲು ಬಿಗಿಯಾಗಿರುವ ಮಡಚುವ ರಿವಾಲ್ವರ್ ಎರಡನೆಯದು. ಬೆವರು ಹೆಚ್ಚು ಹರಿಯುವವರು, ಹಣ ತೊಂದರೆಯಿಲ್ಲದವರು, ಬೆರಳು ಗಟ್ಟಿ ಇರುವವರು ಟೈಟಾನಿಯಂ ರಿವಾಲ್ವರ್ ನೋಡಬಹುದು. ಹವಾನಿಯಂತ್ರಿತ ಅಂಗಡಿಯಲ್ಲಿ ಕೂರುವ, ಬಿಡದೆ ಅಭ್ಯಾಸ ಮಾಡುವ, ವಾರಕ್ಕೊಮ್ಮೆ ಬಿಚ್ಚಿ ಒರೆಸುವ ಶಿಸ್ತಿರುವವರಿಗೆ ಮಾತ್ರ ಪಿಸ್ತೂಲು. ಬೆರಳುಗಳಲ್ಲಿ ಸಂಧಿವಾತವಿರುವ ಹಿರಿಯರಿಗೆ ಕೈಬಂದೂಕು ಯಾವುದೂ ಬೇಡ ಎಂದೇ ಹೇಳುತ್ತೇನೆ. ತೋಟದ ಮನೆಯ ಕಾವಲಿಗೆ ಭುಜಕ್ಕೊತ್ತಿ ಹಿಡಿಯುವ 12 ಬೋರ್ ಬಂದೂಕು ಅವರಿಗೆ ಹೆಚ್ಚು ಹತೋಟಿಯಲ್ಲಿರುತ್ತದೆ. ಭತ್ತದ ಹಣ ಸಾಗಿಸುವ ಭಯಕ್ಕೆಂದೇ ಆಯುಧ ಬೇಕೆನ್ನುವವರು ಆ ವ್ಯವಹಾರವನ್ನು ಬ್ಯಾಂಕ್ ಖಾತೆಯ ಮೂಲಕ ಮಾಡಿದರೆ ಆಯುಧದ ಅಗತ್ಯವೇ ಬೀಳದೆ ಇರಬಹುದು.

ಆಯ್ಕೆ ಯಾವುದೇ ಇರಲಿ, ಜಿಲ್ಲಾ ಪೊಲೀಸರು ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸಿದಾಗ ಹೆಸರು ಕೊಡಿ. ಮನೆಯಲ್ಲಿ ನಕಲಿ ಗುಂಡು ಹಾಕಿ, ಗಟ್ಟಿ ಗೋಡೆಯ ಕಡೆ ತಿರುಗಿ, ಅಸಲಿ ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು ಟ್ರಿಗರ್ ಎಳೆಯುವ ಅಭ್ಯಾಸ ಮಾಡಿ. ನಕಲಿ ಗುಂಡಿಲ್ಲದೆ ಬರಿದೆ ಎಳೆಯುತ್ತಿದ್ದರೆ ಕೆಲವು ಹಳೆಯ ಆಯುಧಗಳ ಫೈರಿಂಗ್ ಪಿನ್ ಮುರಿಯುತ್ತದೆ.

ಕೊನೆಯದಾಗಿ ಬಿಲ್ಲಿನ ವಿಚಾರ. ಆಯುಧದ ನಂಬರ್ ನಿಮ್ಮ ಪರವಾನಗಿ ಪುಸ್ತಕಕ್ಕೆ ಏರಿದ ಮೇಲೆ ಅದನ್ನು ಬದಲಿಸುವುದು ಅಂಗಡಿಯವರ ಕೈಯಲ್ಲಿರುವುದಿಲ್ಲ. ಮಾರಲು, ಬೇರೆ ಕೊಳ್ಳಲು ಮತ್ತೆ ಕಚೇರಿಯ ಅನುಮತಿ ಬೇಕು, ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ಆದ್ದರಿಂದ ನಂಬರ್ ಬರೆಸುವ ಮೊದಲೇ ಒಂದೇ ಮಾದರಿಯ ಎರಡು ಮೂರು ಆಯುಧಗಳನ್ನು ಮೇಜಿನ ಮೇಲೆ ಇಡಿಸಿಕೊಳ್ಳಿ. ಪ್ರತಿಯೊಂದರ ಟ್ರಿಗರ್ ತೂಗಿ, ಸಂದು ಅಳೆಯಿರಿ, ಸಿಲಿಂಡರ್ ಅಲುಗಿಸಿ, ನಳಿಕೆಗೆ ಬೆಳಕು ಹಿಡಿದು ಒಳಗಿನ ಗೀರು ನೋಡಿ. ಅಂಗಡಿಯವರು ಬೇಸರಪಟ್ಟುಕೊಂಡರೆ ಪಟ್ಟುಕೊಳ್ಳಲಿ. ಅಳತೆಗಳನ್ನು ಚೀಟಿಯಲ್ಲಿ ಬರೆದು, ಉತ್ತಮವಾದ ಆಯುಧದ ನಂಬರನ್ನೇ ಬಿಲ್ಲಿಗೆ ಹಾಕಿಸಿ.